ಸರೋಜಾ ತಾರೀಖು ಬದಲಿಸಲಿಲ್ಲ

ಕೋತಗಿರಿಯ ಕೆಳಗಿನ ಇಳಿಜಾರಿನಲ್ಲಿರುವ ಒಂದು ಹಟ್ಟಿಯಲ್ಲಿ ಸರೋಜಾಳ ಮನೆ. ಮನೆಯ ಹಿಂದೆಯೇ ಅವರ ಚಹಾ ತೋಟ. ದೊಡ್ಡದೇನಲ್ಲ, ಗಂಡ ಹೆಂಡತಿ ಇಬ್ಬರೇ ನೋಡಿಕೊಳ್ಳುವಷ್ಟು. ಗಂಡ ಗಣೇಶ್ ಚಹಾ ಫ್ಯಾಕ್ಟರಿಯ ಲಾರಿ ಓಡಿಸುತ್ತಾನೆ. ಸಂಜೆಯಾದರೆ ಹಟ್ಟಿ ಹಟ್ಟಿಗೂ ಹೋಗಿ ಸೊಪ್ಪಿನ ಮೂಟೆ ತುಂಬಿಕೊಂಡು ಬರುತ್ತಾನೆ. ಚಹಾದ ಎಲೆಗೆ ಈ ಕಡೆ ಎಲ್ಲರೂ ಸೊಪ್ಪು ಎಂದೇ ಹೇಳುವುದು.

ಸರೋಜಾಳಿಗೆ ಸ್ತನದ ಕ್ಯಾನ್ಸರ್ ಬಂದು, ಕೊಯಮತ್ತೂರಿನಲ್ಲಿ ಆಪರೇಷನ್ ಆಗಿ, ಕೀಮೋ ಮುಗಿದು, ರೇಡಿಯೇಷನ್ನಿನ ಕರೆಂಟ್ ಕೊಡಿಸಿಕೊಂಡು ಬಂದು ಎರಡು ವರ್ಷವಾಗಿತ್ತು. ಆ ದಿನಗಳಲ್ಲಿ ಅವಳು ಯಾರ ಮುಂದೆಯೂ ಕಣ್ಣೀರು ಹಾಕಲಿಲ್ಲ. ನೋಡಲು ಬಂದವರಿಗೆ ಬೋಳುತಲೆಯಲ್ಲೇ ಚಹಾ ಕಾಸಿ ಕೊಟ್ಟಳು. ಕೈ ಎತ್ತಲು ಬರುವಂತಾದ ಕೂಡಲೇ ತೋಟಕ್ಕೆ ಇಳಿದಳು. ಹಟ್ಟಿಯ ಹೆಂಗಸರಿಗೆಲ್ಲ ಅವಳ ಧೈರ್ಯದ ಮೇಲೆ ಬಹಳ ನಂಬಿಕೆ.

ಆದರೆ ವರ್ಷಕ್ಕೊಮ್ಮೆ ಬರುವ ಸ್ಕ್ಯಾನ್ ಎಂದರೆ ಅವಳಿಗೆ ಕೈಕಾಲು ತಣ್ಣಗಾಗುತ್ತಿತ್ತು. ಹೋದ ಸಲ ಎಲ್ಲ ಮುಗಿಸಿ ಸೀರೆ ಸರಿಮಾಡಿಕೊಂಡು ಕೂತಿದ್ದಾಗ, ನರ್ಸ್ ಬಂದು ಇನ್ನೊಮ್ಮೆ ಒಳಗೆ ಕರೆದಿದ್ದಳು. ಚಿತ್ರ ಸರಿಯಾಗಿ ಬಂದಿರಲಿಲ್ಲ, ಅಷ್ಟೇ. ಆದರೆ ಅದು ಗೊತ್ತಾಗುವವರೆಗೆ ಅವಳು ಮನಸ್ಸಿನಲ್ಲೇ ಸತ್ತು, ತಿಥಿಯನ್ನೂ ಮುಗಿಸಿಕೊಂಡಿದ್ದಳು. ಇದನ್ನು ಗಣೇಶನಿಗೂ ಹೇಳಿರಲಿಲ್ಲ.

ಈ ಸಲ ಆಸ್ಪತ್ರೆಯಿಂದ ಫೋನ್ ಬಂದಾಗ ಅವಳು ತೋಟದ ಮೇಲ್ತುದಿಯ ಬಂಡೆಯ ಬಳಿ ಇದ್ದಳು. ಮಳೆ ಬಿಟ್ಟು ಬಿಸಿಲು ಬಿದ್ದು ಗಿಡಗಳು ಒಮ್ಮೆಲೇ ಚಿಗುರಿದ್ದವು.

"ಮುಂದಿನ ವಾರ ಬರುತ್ತೀರಲ್ಲ?" ಎಂದು ನರ್ಸ್ ತಮಿಳಿನಲ್ಲಿ ಕೇಳಿದಳು.

"ಸೊಪ್ಪು ಬಲಿತುಹೋಗುತ್ತೆ, ಸಿಸ್ಟರ್. ಸ್ವಲ್ಪ ಮುಂದಕ್ಕೆ ಹಾಕಬಹುದಾ?"

ನರ್ಸ್ ಡಾಕ್ಟರನ್ನು ಕೇಳಿ ಬಂದಳು. "ಹೊಸದಾಗಿ ಗಂಟು, ನೋವು ಏನೂ ಇಲ್ಲ ಅಂದರೆ ಒಂದೆರಡು ವಾರ ತಡವಾದರೆ ಪರವಾಗಿಲ್ಲವಂತೆ. ಆದರೆ ಬೇರೆ ತಾರೀಖು ಈಗಲೇ ಹೇಳಿ."

"ಆಮೇಲೆ ಫೋನ್ ಮಾಡುತ್ತೇನೆ," ಎಂದು ಸರೋಜಾ ಕಟ್ ಮಾಡಿದಳು.

ಎದೆಯ ಮೇಲಿನ ಭಾರ ಇಳಿದಂತಾಯಿತು. ಅಂದು ಅವಳ ಕೈ ಎಷ್ಟು ಚುರುಕಾಗಿ ಓಡಿತೆಂದರೆ, ಮಧ್ಯಾಹ್ನಕ್ಕೆ ಮುಂಚೆಯೇ ಚೀಲ ತುಂಬಿತು. ಸಂಜೆ ಗಣೇಶನಿಗೆ ಹೇಳಿದಾಗ ಅವನು, "ಡಾಕ್ಟರೇ ಆಗಬಹುದು ಅಂದರಾ? ಸರಿ, ಹೊಸ ದಿನ ಯಾವುದು?" ಎಂದ.

"ನೋಡೋಣ," ಎಂದಳು.

ತಿಳಿಸಬೇಕಾದವಳು ಇನ್ನೊಬ್ಬಳಿದ್ದಳು. ಪಕ್ಕದ ತೋಟದ ಪಾಪಾತಿ, ಸರೋಜಾಳಿಗಿಂತ ಚಿಕ್ಕವಳು. ಕೆಲವು ತಿಂಗಳ ಹಿಂದೆ ಅವಳು ಸರೋಜಾಳ ಕೈ ಹಿಡಿದು ತನ್ನ ಎದೆಯ ಪಕ್ಕಕ್ಕೆ ಒತ್ತಿಕೊಂಡು, "ಇದು ಏನು ಅಕ್ಕ?" ಎಂದಿದ್ದಳು. ಬಟಾಣಿ ಕಾಳಿನಂಥ ಗಂಟು. ಅಂದಿನಿಂದ ಸರೋಜಾ ಡಾಕ್ಟರಿಗೆ ತೋರಿಸು ಎಂದು ಅವಳ ಬೆನ್ನು ಹತ್ತಿದ್ದಳು. ಪಾಪಾತಿ ದಿನಕ್ಕೊಂದು ನೆಪ ಹೇಳಿ ಕೊನೆಗೆ, "ನೀ ಸ್ಕ್ಯಾನಿಗೆ ಹೋಗುವಾಗ ನಾನೂ ಬರುವೆ. ಒಬ್ಬಳೇ ಅಂದರೆ ನಾ ಬಾರೆ," ಎಂದು ಒಪ್ಪಿಕೊಂಡಿದ್ದಳು.

ಮರುದಿನ ಬೇಲಿಯ ಬಳಿ ಸರೋಜಾ, "ಪಾಪಾತಿ, ಮುಂದಿನ ವಾರ ಬೇಡ. ಸೊಪ್ಪು ಮುಗಿದ ಮೇಲೆ ಹೋಗೋಣ," ಎಂದಳು.

ಪಾಪಾತಿಯ ಮುಖ ಅರಳಿತು. "ಹೌದಕ್ಕ! ಅವಸರ ಏನಿದೆ? ನೀನೇ ನಿಧಾನ ಮಾಡಬಹುದು ಅಂದ ಮೇಲೆ ಎನಗೆ ಏನು ಆಗುತ್ತೆ?" ಎಂದು ನಕ್ಕು, ಹಗುರವಾಗಿ ಗಿಡಗಳ ನಡುವೆ ಇಳಿದುಹೋದಳು.

ಸರೋಜಾ ಅಲ್ಲೇ ನಿಂತಳು. ಆ ನಗು ಅವಳಿಗೆ ಗೊತ್ತಿತ್ತು. ನಿನ್ನೆ ಫೋನ್ ಇಟ್ಟ ಮೇಲೆ ತನ್ನ ಮುಖದಲ್ಲೂ ಅದೇ ಇತ್ತು. ತನ್ನದು ಒಂದೆರಡು ವಾರ ತಡವಾದರೆ ನಡೆದೀತು. ಹಾಗೆಂದು ಡಾಕ್ಟರೇ ಹೇಳಿದ್ದರು. ಪಾಪಾತಿಯ ಗಂಟನ್ನು ಯಾವ ಡಾಕ್ಟರ್ ನೋಡಿದ್ದಾರೆ? ಮತ್ತೆ ತನ್ನ ಆ ಎರಡು ವಾರಕ್ಕಾದರೂ ಕೊನೆ ಎಲ್ಲಿತ್ತು? ಸೊಪ್ಪು ಆದ ಮೇಲೆ ಗಿಡ ಸವರುವ ಕವಾತು, ಕವಾತು ಆದ ಮೇಲೆ ಗೊಬ್ಬರ.

ಅವಳು ಚೀಲ ಕೆಳಗಿಟ್ಟು, ಸಿಗ್ನಲ್ ಸಿಗುವ ಮೇಲಿನ ಬಂಡೆಯವರೆಗೆ ಹತ್ತಿ ಫೋನ್ ಮಾಡಿದಳು. "ಸಿಸ್ಟರ್, ನಾನು ಹಳೇ ತಾರೀಖಿಗೇ ಬರುತ್ತೇನೆ. ಬದಲಾಯಿಸಬೇಡಿ. ಜೊತೆಗೆ ಒಬ್ಬಳನ್ನು ಕರೆದುಕೊಂಡು ಬರುತ್ತೇನೆ, ಅವಳನ್ನೂ ಡಾಕ್ಟರ್ ನೋಡಬೇಕು."

ಅಲ್ಲಿಂದ ನೇರ ಪಾಪಾತಿಯ ಹತ್ತಿರ ಇಳಿದಳು. "ಹೋಗುವುದೇ. ಹೇಳಿಬಿಟ್ಟೆ."

"ಅಯ್ಯೋ, ಈಗ ತಾನೇ ಬೇಡ ಅಂದೆಯಲ್ಲ ಅಕ್ಕ!"

"ಭಯ ಆಗಿ ಅಂದೆ. ಸೊಪ್ಪು ಸುಳ್ಳು. ಎನಗೂ ಭಯವೇ ಪಾಪಾತಿ, ನಿನ್ನಷ್ಟೇ."

ಪಾಪಾತಿ ಬಾಯಿ ಬಿಟ್ಟುಕೊಂಡು ನೋಡಿದಳು. ಸರೋಜಾಕ್ಕನಿಗೂ ಭಯವಾಗುತ್ತದೆಂದು ಅವಳು ಎಣಿಸಿರಲೇ ಇಲ್ಲ.

ಹೇಳಿದ ದಿನ ಗಣೇಶ್ ರಜೆ ಹಾಕಿ ಸೊಪ್ಪು ಕೀಳಲು ನಿಂತ. ಹೆಂಗಸರಿಬ್ಬರೂ ಮೊದಲ ಬಸ್ ಹತ್ತಿದರು. ಮೆಟ್ಟುಪಾಳ್ಯಕ್ಕೆ ಇಳಿಯುವ ಘಾಟಿಯ ತಿರುವುಗಳಲ್ಲಿ ಪಾಪಾತಿಗೆ ವಾಂತಿಯಾಯಿತು. ಆಸ್ಪತ್ರೆಯ ಬಾಗಿಲಲ್ಲಿ, "ವಾಪಸ್ ಹೋಗೋಣ ಅಕ್ಕ," ಎಂದು ಸೆರಗು ಹಿಡಿದಳು. ಸರೋಜಾ ಅವಳ ಕೈ ಬಿಡಲಿಲ್ಲ.

"ನೋವಾಗುತ್ತಾ?"

"ಮೆಷಿನ್ ಎದೆಯನ್ನು ಗಟ್ಟಿಯಾಗಿ ಒತ್ತುತ್ತೆ. ಹಲ್ಲು ಕಚ್ಚಿ ನಿಂತರೆ ಆಯಿತು. ನಾನು ಮೊದಲು ಹೋಗುವೆ, ನೀ ಕೂತಿರು."

ಹಾಗೆ ಹೇಳಿ ಒಳಗೆ ಹೋದಳು. ಅಲ್ಲಿ ತಾನೂ ಹಲ್ಲು ಕಚ್ಚಿ ನಿಂತಳು. ಆದರೂ ಹೊರಗೆ ಬರುವಾಗ ತಲೆ ಎತ್ತಿಕೊಂಡೇ ಬಂದಳು, ಎದುರಿಗೆ ಪಾಪಾತಿ ಕೂತಿದ್ದಳಲ್ಲ.

ಸರೋಜಾಳ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಪಾಪಾತಿಯ ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿದರು. ಕೆಲವು ದಿನಗಳ ನಂತರ ಇಬ್ಬರೂ ಮತ್ತೆ ಹೋದಾಗ ಸಿಕ್ಕ ಉತ್ತರ ಕ್ಯಾನ್ಸರ್ ಎಂದೇ. ಆದರೆ ಚಿಕ್ಕದು, ಕಂಕುಳಿಗೆ ಹರಡಿರಲಿಲ್ಲ. ಬೇಗ ಬಂದಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರ್. ಪಾಪಾತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತಳು. ಈ ಸಲ ಸರೋಜಾಳೂ ಅವಳ ಜೊತೆ, ಜನ ನೋಡುತ್ತಿದ್ದರೂ, ಮನಸ್ಸು ಬಿಚ್ಚಿ ಅತ್ತಳು.

ಆಪರೇಷನ್ ಆಯಿತು. ಕರೆಂಟ್ ಕೊಡುವ ವಾರಗಳಲ್ಲಿ ಪಾಪಾತಿ ಕೊಯಮತ್ತೂರಿನಲ್ಲಿ ತಂಗಿಯ ಮನೆಯಲ್ಲಿ ಉಳಿದಳು. ಅಷ್ಟು ದಿನವೂ ಅವಳ ತೋಟದ ಸೊಪ್ಪು ಕಿತ್ತು ಗಣೇಶನ ಲಾರಿಗೆ ಏರಿಸಿದವಳು ಸರೋಜಾ. ಈಗ ಪಾಪಾತಿ ಊರಿಗೆ ಬಂದಿದ್ದಾಳೆ. ಅರ್ಧ ದಿನ ಕೆಲಸ ಮಾಡುತ್ತಾಳೆ, ಮಿಕ್ಕರ್ಧ ಬೇಲಿಯ ಬಳಿ ನಿಂತು ಸರೋಜಾಳ ಜೊತೆ ಹರಟುತ್ತಾಳೆ.