ಹಾಯಿರ್ ಹೊಳೆಯ ಮೀನುಗುಳಿಗಳಿಗೆ ಒಬ್ಬ ಕಾವಲುಗಾರ

ಶುಕ್ರವಾರ. ಬೆಳಗಿನ ನಮಾಜು ಮುಗಿದು ಅರ್ಧ ಗಂಟೆಯೂ ಆಗಿಲ್ಲ. ರಿಯಾದ್‌ನಿಂದ ಅಲ್ ಖರ್ಜ್ ಕಡೆ ಹೋಗುವ ಹೆದ್ದಾರಿ ಬಿಟ್ಟು ಒಳಗೆ ಇಳಿದರೆ ಸಿಗುವ ಅಲ್ ಹಾಯಿರ್ ಹೊಳೆಯ ದಂಡೆಯಲ್ಲಿ ಇದ್ದಿನಬ್ಬ ಬಗ್ಗಿಕೊಂಡು ನಡೆಯುತ್ತಿದ್ದಾರೆ. ಕಾಲಿಗೆ ಗಂಬೂಟು, ಮೈಮೇಲೆ ಕಂಪನಿಯ ಕಿತ್ತಳೆ ಬಣ್ಣದ ಅಂಗಿ, ಎಡಗೈಯಲ್ಲಿ ಕಸದ ಚೀಲ. ಆ ಕೈಯಲ್ಲಿ ಎರಡು ಬೆರಳಿಲ್ಲ. ಕಸ ಹೆಕ್ಕುವುದಕ್ಕೆ ಅವರಿಗೆ ಸಂಬಳ. ಆದರೆ ಕಣ್ಣು ನೆಟ್ಟಿರುವುದು ಮೊಣಕಾಲುದ್ದ ನೀರಿನ ತಳದಲ್ಲಿ. ಅಲ್ಲಿ ಜಲ್ಲಿ ಸರಿಸಿ ಮಾಡಿದ, ಊಟದ ಬಟ್ಟಲಿನಷ್ಟು ಅಗಲದ ದುಂಡನೆಯ ಗುಳಿಗಳಿವೆ. "ಏಳು, ಎಂಟು, ಒಂಬತ್ತು" ಎಂದು ಎಣಿಸಿ ನಿಲ್ಲುತ್ತಾರೆ. ಹತ್ತನೆಯದು ಸಿಗುವುದಿಲ್ಲ.

ಅರಬರು ಬುಲ್ತಿ ಎನ್ನುವ, ನಮ್ಮ ಕಡೆಯವರು ಜಿಲೇಬಿ ಮೀನು ಎನ್ನುವ ತಿಲಾಪಿಯಾ ಮೊಟ್ಟೆಯಿಡುವ ಜಾಗವಿದು. ಗಂಡು ಗುಳಿ ತೋಡುತ್ತದೆ. ಹೆಣ್ಣು ಅದರಲ್ಲಿ ಮೊಟ್ಟೆಯಿಟ್ಟು, ಮತ್ತೆ ಬಾಯಲ್ಲಿ ತುಂಬಿಕೊಳ್ಳುತ್ತದೆ. ಮರಿಗಳು ಈಜುವಷ್ಟು ಬಲಿಯುವ ತನಕ ಅದಕ್ಕೆ ಊಟವಿಲ್ಲ. "ಹತ್ತು ಹನ್ನೆರಡು ದಿನದ ಉಪವಾಸ," ಎನ್ನುತ್ತಾರೆ ಇದ್ದಿನಬ್ಬ. "ನಮ್ಮ ಉಪವಾಸಕ್ಕೆ ಸಂಜೆಗೆ ಖರ್ಜೂರ ಉಂಟು. ಅದಕ್ಕೆ ಅದೂ ಇಲ್ಲ."

ವಾರದ ರಜೆಯಲ್ಲಿ ರಿಯಾದ್‌ನಿಂದ ಗಾಳ ಹಾಕುವವರ ಕಾರುಗಳು ಸಾಲುಗಟ್ಟಿ ಬರುತ್ತವೆ. ದಂಡೆಯಲ್ಲಿ ಕೂತು ಗಾಳ ಹಾಕಿದರೆ ಇದ್ದಿನಬ್ಬರ ತಕರಾರಿಲ್ಲ. ನೀರಿಗಿಳಿದು ನಡೆದರೆ ಗುಳಿ ತುಳಿದು ಹೋಗುತ್ತದೆ. ಅದಕ್ಕೆ ಖರ್ಜೂರದ ಒಣಗರಿಗಳನ್ನು ಹಗ್ಗಕ್ಕೆ ಕಟ್ಟಿ, ದಂಡೆಯುದ್ದಕ್ಕೂ ಬೇಲಿ ಮಾಡಿದ್ದಾರೆ. ಬೇಲಿ ದಾಟುವವರಿಗೆ ಕೈಮುಗಿಯುತ್ತಾರೆ. ಬೈಸಿಕೊಂಡದ್ದೇ ಹೆಚ್ಚು. ಒಮ್ಮೆ ಯಾರೋ ತಳ್ಳಿಬಿಟ್ಟು, ಕಲ್ಲಿಗೆ ಬಿದ್ದು ಹಲ್ಲು ಮುರಿದಿತ್ತು.

ರಿಯಾದ್‌ನಲ್ಲಿ ಬಟ್ಟೆ ಅಂಗಡಿಯಿಟ್ಟಿರುವ ಭಟ್ಕಳದ ಅಬ್ದುಲ್ ಸಮದ್ ಕೂಡ ಮೂರು ವರ್ಷದ ಹಿಂದೆ ಬೇಲಿ ದಾಟಿದವರೇ.

"ಎಂತ ಕಾಕಾ, ಹೊಳೆ ನಿಮ್ಮದಾ?" ಎಂದು ರೇಗಿದ್ದರಂತೆ.

"ನನ್ನದಲ್ಲ ಸಾಹೇಬ್ರೇ. ಕಾಲಡಿಗೆ ಒಮ್ಮೆ ನೋಡಿ ಅಂತ ಹೇಳಿದ್ದು."

ನೋಡುವ ವ್ಯವಧಾನ ಸಮದ್‌ಗೆ ಇರಲಿಲ್ಲ. ಬಲೆ ಬೀಸಿ ಎಳೆದರು. ದಡಕ್ಕೆ ಬಿದ್ದ ಮೀನು ಬಾಯಿ ತೆರೆದಾಗ ಸಾಸಿವೆಗಿಂತ ತುಸು ದೊಡ್ಡ ಮರಿಗಳು ಮರಳ ಮೇಲೆ ಚೆಲ್ಲಿಹೋದವು. ಇದ್ದಿನಬ್ಬ ಬೈಯಲಿಲ್ಲ. ಮಂಡಿಯೂರಿ, ಮರಳಿನ ಸಮೇತ ಬೊಗಸೆಯಲ್ಲಿ ಎತ್ತಿ ನೀರಿಗೆ ಬಿಟ್ಟರು. "ಬದುಕುತ್ತವಾ?" ಎಂದು ಕೇಳಿದ ಸಮದ್‌ಗೆ "ಇಲ್ಲ" ಎಂದಷ್ಟೇ ಹೇಳಿದರು. ಅಂದಿನಿಂದ ಸಮದ್ ದಂಡೆ ಬಿಟ್ಟು ಇಳಿದಿಲ್ಲ. ಜೊತೆಯವರನ್ನೂ ಇಳಿಯಬಿಡುವುದಿಲ್ಲ.

ಇದ್ದಿನಬ್ಬರಿಗೀಗ ಐವತ್ತಾರು. ಊರು ಗುರುಪುರ ಹೊಳೆಯ ಬದಿ. ಹರೆಯದಲ್ಲಿ ಅವರು ಆ ಹೊಳೆಗೆ ಸಿಡಿಮದ್ದಿನ ತೋಟೆ ಹಾಕುತ್ತಿದ್ದರು. ಬತ್ತಿಗೆ ಬೆಂಕಿ ಹಚ್ಚಿ ಮಡುವಿಗೆ ಎಸೆದರೆ, ಸಿಡಿದು, ಬುಟ್ಟಿಗಟ್ಟಲೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಮೊದಲ ಮಳೆಗೆ ಮೊಟ್ಟೆಯಿಡಲು ಹತ್ತಿ ಬರುವ ಮೀನನ್ನೂ ಬಿಡಲಿಲ್ಲ. ಒಂದು ದಿನ ತೋಟೆ ಕೈಯಲ್ಲೇ ಸಿಡಿದು ಎರಡು ಬೆರಳು ಹೋದವು. ಗಾಯ ಮಾಗಿದ ಮೇಲೆ ಇನ್ನೊಂದು ಕೈಯಿಂದ ಎಸೆದರು. ನಾಲ್ಕೈದು ವರ್ಷದಲ್ಲಿ ಮಡು ಬರಿದಾಯಿತು.

"ಬೆರಳು ಹೋದದ್ದಕ್ಕೆ ಬೇಜಾರಿಲ್ಲ. ನನ್ನ ಮಕ್ಕಳು ಆ ಮಡುವಿನ ಮೀನು ತಿಂದೇ ಇಲ್ಲ. ಹಿಡಿಯಲಿಕ್ಕೆ ಎಂತದೂ ಉಳಿಯದೆ ನಾನು ಇಲ್ಲಿಗೆ ಬಂದದ್ದು. ನನ್ನನ್ನು ಊರಿಂದ ಓಡಿಸಿದ್ದು ನಾನೇ."

ತೊಂಬತ್ತಮೂರರಲ್ಲಿ ಅಲ್ ಖರ್ಜ್‌ನ ತೋಟವೊಂದಕ್ಕೆ ಕೂಲಿಯಾಗಿ ಬಂದವರು, ಆಮೇಲೆ ಹೊಳೆ ಬದಿ ಶುಚಿ ಮಾಡುವ ಕಂಪನಿ ಸೇರಿದರು. ದಿನಕ್ಕೆ ಹನ್ನೊಂದು ಕಿಲೋಮೀಟರ್ ನಡಿಗೆ, ಮೂವತ್ತರಿಂದ ನಲವತ್ತು ಚೀಲ ಕಸ. ಬೇಸಿಗೆಯಲ್ಲಿ ನಲವತ್ತೈದು ಡಿಗ್ರಿ ಬಿಸಿಲು. ಎರಡು ವರ್ಷಕ್ಕೊಮ್ಮೆ ಊರು. ಮೀನು ಕಾಯುವ ವಿಷಯ ಫೋನಿನಲ್ಲಿ ಹೇಳಿದಾಗ ಹೆಂಡತಿ ಸಫಿಯಮ್ಮ, "ಅಲ್ಲಿಯೂ ಹೊಳೆಯೇ ಬೇಕಿತ್ತಾ ನಿಮಗೆ?" ಎಂದರಂತೆ.

ಕಳೆದ ವರ್ಷ, ಅಂದರೆ ೨೦೧೭ರ ಏಪ್ರಿಲ್‌ನಲ್ಲಿ, ಇಲ್ಲಿ ಅರವತ್ತಮೂರು ಗುಳಿಗಳಿದ್ದವು. ಅಷ್ಟು ಹಿಂದೆಂದೂ ಆಗಿರಲಿಲ್ಲ. ಆಗಲೇ ಹೂಳು, ಜೊಂಡು ತೆಗೆಯಲು ಜೆಸಿಬಿ ಬಂತು. ಎಲ್ಲರೂ ಮುಹಂದಿಸ್ ಎಂದು ಕರೆಯುವ ಕಂಪನಿಯ ಎಂಜಿನಿಯರ್ ಬಳಿ ಇದ್ದಿನಬ್ಬ ಮೂರು ವಾರದ ಗಡುವು ಕೇಳಿದರು. ಮೇಲಿನವರು ನೋಡಲು ಬರುವ ದಿನ ಹತ್ತಿರವಿತ್ತು, ಮುಹಂದಿಸ್ ಆಗುವುದಿಲ್ಲ ಎಂದರು. ಜೆಸಿಬಿ ನೀರಿಗಿಳಿದಾಗ ಇದ್ದಿನಬ್ಬ ಅದರ ಮುಂದೆ ಹೋಗಿ ನಿಂತರು. ಇಬ್ಬರು ಅವರ ಕೈ ಹಿಡಿದು ಈಚೆಗೆ ಎಳೆದುಕೊಂಡು ಬಂದರು.

"ಎರಡು ಗಂಟೆಯ ಕೆಲಸ. ದಂಡೆಯಲ್ಲಿ ಕೆಸರು ರಾಶಿ ಹಾಕಿದರು. ರಾಶಿಯೊಳಗೆ ಮೀನು ಹೊರಳುವುದು ಕಾಣ್ತಿತ್ತು. ಕೈಯಲ್ಲಿ ಬಗೆದು ತೆಗೆದೆ. ಇಪ್ಪತ್ತೋ ಮೂವತ್ತೋ. ಬಾಯಲ್ಲಿ ಮರಿ ಇದ್ದದ್ದು ಒಂದೂ ಇಲ್ಲ, ಎಲ್ಲ ಉಗುಳಿ ಆಗಿತ್ತು." ಹೇಳುತ್ತಾ ಅವರು ಅಂಗೈ ನೋಡಿಕೊಳ್ಳುತ್ತಾರೆ. "ತೋಟೆ ಹಾಕಿದಾಗಲೂ ಹೀಗೇ ಇರ್ತಿತ್ತು. ಆಗ ನಾನು ನಗ್ತಿದ್ದೆ ಮಾರಾಯ್ರೇ."

ಅಡ್ಡ ನಿಂತ ತಪ್ಪಿಗೆ ಅವರನ್ನು ಎರಡು ಕಿಲೋಮೀಟರ್ ಕೆಳಗೆ, ಲಾರಿ ನಿಲ್ಲುವ ಜಾಗದ ಕಸಕ್ಕೆ ಹಾಕಿದರು. ಹೊಳೆಯ ಈ ಭಾಗ ಈಗ ಅವರ ಪಾಲಿಗಿಲ್ಲ. ಆದರೂ ಕೆಲಸಕ್ಕೆ ಮುಂಚೆ ದಿನಾ ಇಲ್ಲಿಗೆ ನಡೆದು ಬರುತ್ತಾರೆ. ಈ ವರ್ಷ ಉಳಿದಿರುವುದು ಒಂಬತ್ತು ಗುಳಿ.

ಈಗ ಕಂಪನಿ ಆಳು ಕಡಿಮೆ ಮಾಡುತ್ತಿದೆ. ಇಲ್ಲಿ ಉಳಿಯಲು ಬೇಕಾದ ಪರವಾನಗಿ, ಅವರ ಇಕಾಮಾ, ನವೀಕರಿಸುವುದಿಲ್ಲವೆಂದು ಹೇಳಿಯಾಗಿದೆ. ದೇಶ ಬಿಡುವ ಎಕ್ಸಿಟ್ ಮುದ್ರೆ ಬಿದ್ದಿದೆ, ಬರುವ ಮಂಗಳವಾರ ವಿಮಾನ. ಆಮೇಲೆ ಬೇಲಿ ಬಿಗಿಯುವವರು ಯಾರೂ ಇಲ್ಲ. ವಾರಕ್ಕೊಮ್ಮೆ ಬರುತ್ತೇನೆ ಎಂದು ಸಮದ್ ಒಪ್ಪಿಕೊಂಡಿದ್ದಾರೆ. ಉಳಿದ ಆರು ದಿನ ಏನಾಗುತ್ತದೋ ಅವರಿಗೂ ಗೊತ್ತಿಲ್ಲ.

ಮೊನ್ನೆ ಇದ್ದಿನಬ್ಬ ಸಮದ್ ಕೈಯಿಂದ ಅರಬಿಯಲ್ಲಿ ಒಂದು ಕಾಗದ ಬರೆಸಿದರು. ಇಪ್ಪತ್ತೈದು ವರ್ಷ ದುಡಿದವರು ತಮಗಾಗಿ ಅದರಲ್ಲಿ ಏನನ್ನೂ ಕೇಳಿಲ್ಲ. ಮಾರ್ಚಿನಿಂದ ಜೂನ್‌ವರೆಗೆ ಈ ಜಾಗದಲ್ಲಿ ಜೆಸಿಬಿ ಇಳಿಸಬೇಡಿ, ಚಳಿಗಾಲದಲ್ಲಿ ಬೇಕಾದರೆ ಇಳಿಸಿ ಎಂಬ ಎರಡೇ ಸಾಲು. ಕೆಳಗೆ ಹೆಸರು ಹಾಕಲಾ ಎಂದು ಸಮದ್ ಕೇಳಿದ್ದಕ್ಕೆ, ಕಸ ಹೆಕ್ಕುವವನ ಹೆಸರು ನೋಡಿದರೆ ಓದಲಿಕ್ಕಿಲ್ಲ, ಬೇಡ ಎಂದರು. ತಾವೇ ಒಯ್ದು ಮುಹಂದಿಸ್ ಮೇಜಿನ ಮೇಲಿಟ್ಟರು.

ಮುಹಂದಿಸ್ ಏನು ಹೇಳಿದರು ಎಂದು ಕೇಳಿದರೆ ಇದ್ದಿನಬ್ಬ ಕಸದ ಚೀಲದ ಬಾಯಿ ಗಂಟು ಹಾಕುತ್ತಾ ಉತ್ತರಿಸುತ್ತಾರೆ:

"ಎಂತದೂ ಹೇಳಲಿಲ್ಲ. ಎರಡು ಸಲ ಓದಿದರು. ಹರಿದು ಹಾಕಲಿಲ್ಲ."