ಅಂಚಿನ ನೀಲಿ ತುಂಡು

“ಪದ್ಮಕ್ಕ, ಬದುಕಿದ್ದಾಗಲೂ ನೀವು ಊರವರ ಜಾಗಕ್ಕೆಲ್ಲ ಕಾಲು ಚಾಚುತ್ತಿದ್ರಿ. ಈಗಲೂ ಅದೇ ಬುದ್ಧಿಯಾ? ಸ್ವಲ್ಪ ಆಚೆ ಸರಿಯಿರಿ.”

ಸುಂದರಿಯಕ್ಕ ಹೀಗೆ ಗದರಿದ್ದು ಮನುಷ್ಯರನ್ನಲ್ಲ, ಒಂದು ಹಳದಿ ಸೀರೆಯ ತುಂಡನ್ನು. ಆ ಸೀರೆಯ ಒಡತಿ ಪದ್ಮಕ್ಕ ತೀರಿಹೋಗಿ ವರ್ಷ ಕಳೆದಿತ್ತು. ಎಪ್ಪತ್ತರ ದಶಕದ ಮೊದಲಿಗೆ ಮದುವೆಯಾಗಿ ಕುಂದಾಪುರದಿಂದ ಅಂಬಲಪಾಡಿಗೆ ಬಂದ ನಾನು ಸುಂದರಿಯಕ್ಕನನ್ನು ಮೊದಲು ಕಂಡದ್ದೇ ಹಾಗೆ. ಪಕ್ಕದ ಲಿಲ್ಲಿಬಾಯಿಯ ಜಗಲಿಯಲ್ಲಿ ಮಂಡಿಯೂರಿ, ಹಲ್ಲಿನಲ್ಲಿ ದಾರ ಕಚ್ಚಿಕೊಂಡು, ಸತ್ತವರೊಡನೆ ಜಗಳ ಮಾಡುತ್ತಿದ್ದರು. ನನಗೆ ನಗು ಬಂತು. ಹಿಂದೆಯೇ ಸಣ್ಣಗೆ ಹೆದರಿಕೆಯೂ ಬಂತು, ಸುಳ್ಳು ಯಾಕೆ ಹೇಳಲಿ? ಅವರು ಬೈದ ಮೇಲೆ ಆ ತುಂಡು ಸುಕ್ಕು ಬಿಟ್ಟು ಸುಮ್ಮನೆ ಮಲಗಿತ್ತು.

ನಮ್ಮ ಸೆಕೆಯ ಊರಿಗೆ ಕೌದಿ ಎಂತಕ್ಕೆ ಎಂದು ಘಟ್ಟದ ಮೇಲಿನವರು ನಗಬಹುದು. ಆಟಿ ತಿಂಗಳ ಮಳೆಗೆ ಹೊದೆಯಲಿಕ್ಕೆ, ಉಳಿದ ದಿನ ಹಾಸಲಿಕ್ಕೆ, ಬಾಣಂತಿಗೆ, ಮಗುವಿಗೆ, ಎಲ್ಲಕ್ಕೂ ಬೇಕು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ಲಿಲ್ಲಿಬಾಯಿ, ಸುಂದರಿಯಕ್ಕ, ಆಮೇಲಾಮೇಲೆ ನಾನು, ಜಗಲಿಯಲ್ಲಿ ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಒಬ್ಬೊಬ್ಬರು ಒಂದೊಂದು ಬದಿ ಹಿಡಿಯುತ್ತಿದ್ದೆವು. ಅವರಿಬ್ಬರು ತುಳುವಿನಲ್ಲಿ ಹೊಟ್ಟೆ ತುಂಬ ಮಾತಾಡಿ, ನನಗೋಸ್ಕರ ಕನ್ನಡಕ್ಕೆ ಬರುತ್ತಿದ್ದರು. ಹೊಲಿಗೆ ಅಂಚಿನಿಂದ ಹೊರಟು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರಬೇಕು. ದಿನ ಕಳೆದಂತೆ ನಾವು ಮೂವರೂ ಹತ್ತಿರ ಹತ್ತಿರ ಬಂದು, ಕೊನೆಗೆ ತಲೆಗೆ ತಲೆ ತಾಗುತ್ತಿತ್ತು. ಮುಗಿದ ದಿನ ಬೆಲ್ಲ, ಕಾಯಿ ಹಾಕಿದ ಅವಲಕ್ಕಿ.

ಬಣ್ಣದ ವಿಷಯದಲ್ಲಿ ಸುಂದರಿಯಕ್ಕನ ಮಾತೇ ಕೊನೆ. ಜಗಲಿಯ ಮೆಟ್ಟಿಲ ಕೆಳಗೆ ಇಳಿದು ನಿಂತು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. “ಈ ಕೆಂಪಿಗೂ ಆ ಹಸಿರಿಗೂ ಮಾತುಕತೆ ಇಲ್ಲ. ನಡುವೆ ಒಂದು ಬಿಳಿ ಕೂರಿಸಿ, ರಾಜಿ ಮಾಡಿಸ್ತದೆ” ಎನ್ನುವರು. ಬಿಳಿ ಕೂರಿಸಿದರೆ ನಿಜಕ್ಕೂ ಇಡೀ ಕೌದಿ ಬೆಳಗಿದ ಹಾಗೆ ಕಾಣುತ್ತಿತ್ತು. ಹರಿದ ಲಂಗ, ಮಾಸಿದ ಪಂಚೆ, ಎಂತದ್ದು ಕೊಟ್ಟರೂ ಅವರ ಕೈಯಲ್ಲಿ ಅದಕ್ಕೊಂದು ಮರ್ಯಾದೆ ಬರುತ್ತಿತ್ತು.

ಅವರದ್ದೇ ಒಂದು ಕಟ್ಟುನಿಟ್ಟು ಇತ್ತು. “ಸತ್ತವರ ಬಟ್ಟೆ ನಡುವಿಗೆ, ಇದ್ದವರದ್ದು ಅಂಚಿಗೆ. ಹೋದವರಿಗೆ ಚಳಿ ಹೆಚ್ಚು. ಇದ್ದವರು ಸುತ್ತ ಮಲಗಿ ಬೆಚ್ಚಗೆ ಇಟ್ಟುಕೊಳ್ಳಬೇಕು.” ಇದು ಯಾವ ಶಾಸ್ತ್ರ ಎಂದು ಕೇಳಿದ್ದಕ್ಕೆ, “ನನ್ನ ಅಜ್ಜಿಯದ್ದು. ನಿಮ್ಮ ಅಜ್ಜಿ ಎಂತ ಕಲಿಸಿದ್ದಾರೆ, ಹೇಳಿ ನೋಡುವ” ಎಂದು ನನ್ನ ಬಾಯಿ ಮುಚ್ಚಿಸಿದರು.

ಪ್ರತಿ ಕೌದಿಯ ಅಂಚಿಗೂ ಅವರು ಅಂಗೈಯಷ್ಟು ಒಂದು ನೀಲಿ ಚೌಕಳಿ ತುಂಡು ಹಚ್ಚುತ್ತಿದ್ದರು. ಅದಕ್ಕೆ ಮಾತ್ರ ಬೈಗುಳ ಇಲ್ಲ, ಹೆಸರು ಹಿಡಿದು ಕರೆಯುವುದೂ ಇಲ್ಲ. ಯಾರದ್ದು ಎಂದು ನಾನು ಬಾಯಿ ತೆರೆದದ್ದೇ, ಲಿಲ್ಲಿಬಾಯಿ ನನ್ನ ತೊಡೆ ಚಿವುಟಿದಳು. ಸಂಜೆ ಬಾವಿಕಟ್ಟೆಯಲ್ಲಿ ಹೇಳಿದಳು: ಸುಂದರಿಯಕ್ಕ ಕಾಪುವಿನವರು. ಗಂಡ ಮೊದಲೇ ತೀರಿದ್ದರು. ಒಬ್ಬನೇ ಮಗ ವಸಂತ ಮೀನಿಗೆ ಹೋದವನು. ದೋಣಿ ಮಗುಚಿ, ಜೊತೆಗಿದ್ದವರು ಈಜಿ ದಡ ಸೇರಿದರು, ಅವನು ಸಿಗಲಿಲ್ಲ. ಹೆಣವೂ ಸಿಗಲಿಲ್ಲ. ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡಿ ಮುಗಿಸಿ ಎಂದು ನೆಂಟರು ಹೇಳಿದರೆ, “ಯಾರನ್ನು ನೋಡಿ ಮಾಡಲಿ?” ಎಂದು ಊರೇ ಬಿಟ್ಟು ಬಂದರಂತೆ. ನೀಲಿ ಚೌಕಳಿ ಅವನ ಅಂಗಿ. ಅದು ಅಂಚಿನಲ್ಲಿ ಇರುವಷ್ಟು ದಿನ ಅವನು ಇದ್ದಾನೆ.

ಅದಾದ ಮೇಲೆ ಆ ತುಂಡಿನ ಹತ್ತಿರ ಬಂದರೆ ನಾನು ಸೂಜಿಯನ್ನು ಸುಂದರಿಯಕ್ಕನ ಕೈಗೇ ಕೊಡುತ್ತಿದ್ದೆ.

ಮಾತು ಎಲ್ಲಿಂದ ಹುಟ್ಟಿತೋ ಗೊತ್ತಿಲ್ಲ. ಬನ್ನಂಜೆಯ ಒಂದು ಮನೆಗೆ ನಾವು ಹೊಲಿದುಕೊಟ್ಟ ಕೌದಿ ವಾಪಸು ಬಂತು. ಬೆಳಿಗ್ಗೆ ಎದ್ದರೆ ಒಂದು ಮೂಲೆ ಒದ್ದೆ, ಉಪ್ಪಿನ ವಾಸನೆ ಎಂದು ಆ ಮನೆಯ ಸೊಸೆ ಹೇಳಿದಳಂತೆ. “ಅವಳ ಮಗು ಉಚ್ಚೆ ಹೊಯ್ದಿರಬೇಕು, ಬಡ್ಕೊಳ್ಳಲಿ!” ಎಂದು ನಾನು ರೇಗಿದೆ. ಆದರೆ ಬೇರೆ ಮನೆಯಿಂದ ಅದೇ ದೂರು ಹೊತ್ತು ಇನ್ನೊಂದು ಕೌದಿಯೂ ಬಂತು. ಲಿಲ್ಲಿಬಾಯಿ ನೀಲಿ ತುಂಡನ್ನು ಮೂಗಿಗೆ ಹಿಡಿದು, “ಸಾಯ್ಬಾ, ದೇವರೇ” ಎಂದು ಶಿಲುಬೆಯ ಗುರುತು ಹಾಕಿಕೊಂಡಳು. ಸುಂದರಿಯಕ್ಕ ಮಾತ್ರ ಮೂಲೆಯನ್ನು ಕೆನ್ನೆಗೆ ಒತ್ತಿಕೊಂಡು, “ಬಂದಿದ್ದ ಅಲ್ವಾ?” ಎಂದು ಕೇಳಿದರು. ಅವರ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ಅಳು ಬಂತು.

ಅವರು ಸೊರಗುತ್ತಾ ಬಂದರು. ಅಂಗಿಯೂ ಮುಗಿಯುತ್ತಾ ಬಂದಿತ್ತು. ಒಂದು ದಿನ ಅವರು ತಂಗಿಯನ್ನು ನೋಡಲು ಕಾರ್ಕಳದ ಹತ್ತಿರದ ಕುಕ್ಕುಂದೂರಿಗೆ ಹೋಗಿದ್ದಾಗ ಲಿಲ್ಲಿಬಾಯಿ ಒಂದು ಕೆಲಸ ಮಾಡಿದಳು. ಹೊಸ ಕೌದಿಯ ಅಂಚಿಗೆ ಎಂದು ಕತ್ತರಿಸಿಟ್ಟಿದ್ದ ನೀಲಿ ತುಂಡನ್ನು ತೆಗೆದು, ಪ್ರಾರ್ಥನೆ ಹೇಳುತ್ತಾ, ನಡುವಿಗೆ ಹೊಲಿದಳು. “ಒಮ್ಮೆ ನಡುವಿಗೆ ಬಂದರೆ ಹುಡುಗನಿಗೂ ನಿದ್ದೆ ಬರ್ತದೆ, ಅವರಿಗೂ. ಅವರದ್ದೇ ನಿಯಮ ಅಲ್ವಾ ಮಾರಾಯ್ತಿ?” ಎಂದಳು. ಪ್ರೀತಿಯಿಂದಲೇ ಮಾಡಿದ್ದು. ಅಷ್ಟು ಸಣ್ಣ, ಅಷ್ಟು ಚಂದದ ಹೊಲಿಗೆಯನ್ನು ಅವಳು ತನ್ನ ಮಕ್ಕಳ ಬಟ್ಟೆಗೂ ಹಾಕಿರಲಿಲ್ಲ.

ಮರುದಿನ ಸುಂದರಿಯಕ್ಕ ಬಂದು ಕೂತರು. ನೋಡಿದರು. ಕೂಗಾಡಲಿಲ್ಲ. ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಬಿಚ್ಚಿದರು. ತುಂಡು ಕೈಗೆ ಬಂದ ಮೇಲೆ ಅದನ್ನು ಸೊಂಟಕ್ಕೆ ಸಿಕ್ಕಿಸಿ, “ಲಿಲ್ಲಿ, ಸಮುದ್ರ ಕೊಲ್ಲದವನನ್ನು ನೀನು ಕೊಂದೆ” ಎಂದು ಎದ್ದು ಹೋದರು. ವಾರ ಕಳೆಯುವುದರೊಳಗೆ ಮನೆ ಖಾಲಿ ಮಾಡಿ ತಂಗಿಯ ಹತ್ತಿರ ಹೊರಟರು. ಲಿಲ್ಲಿಬಾಯಿ ಕೌದಿ ಹೊಲಿಯುವುದನ್ನೇ ಬಿಟ್ಟಳು. ಆ ಜಗಲಿಯಲ್ಲಿ ಮತ್ತೆ ಬಹಳ ವರ್ಷ ಬರೀ ಹಪ್ಪಳ ಒಣಗಿತು.

ಎಂಬತ್ತರ ದಶಕದ ನಡುವಿನಲ್ಲಿ ಅವರಿಗೆ ಹುಷಾರಿಲ್ಲ ಎಂದು ಸುದ್ದಿ ಬಂತು. ಲಿಲ್ಲಿಬಾಯಿ ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿದಳು. ಮಣಿಪಾಲ ದಾಟುವವರೆಗೂ ಅವಳ ತುಟಿ ಪಿಟಿಪಿಟಿ ಎನ್ನುತ್ತಿತ್ತು. ಜಪವೋ, ಹೇಳಬೇಕಾದ ಮಾತಿನ ಅಭ್ಯಾಸವೋ. ಅಲ್ಲಿ ಹೋದರೆ ಸುಂದರಿಯಕ್ಕ ಚಾಪೆಯಲ್ಲಿ ಹಿಡಿಯಷ್ಟಾಗಿ ಮಲಗಿದ್ದರು. ಲಿಲ್ಲಿಬಾಯಿ ಅಭ್ಯಾಸ ಮಾಡಿದ್ದೆಲ್ಲ ಮರೆತು ಬರೀ ಅತ್ತಳು.

“ಅಳಬೇಡ ಮಾರಾಯ್ತಿ, ನಿನ್ನ ಹೊಲಿಗೆ ಚಂದ ಇತ್ತು. ಬಿಚ್ಚಲಿಕ್ಕೇ ಕಷ್ಟ ಆಯ್ತು” ಎಂದರು ಸುಂದರಿಯಕ್ಕ. ಆಮೇಲೆ, “ಇಲ್ಲಿ ಸಮುದ್ರದ ಶಬ್ದ ಇಲ್ಲ. ನಿದ್ದೆ ಬರೋದಿಲ್ಲ” ಎಂದರು. ತಲೆದಿಂಬಿನ ಅಡಿಯಿಂದ ಅಂಗಿಯ ಕೊನೆಯ ತುಂಡನ್ನು ತೆಗೆದು ಲಿಲ್ಲಿಬಾಯಿಯ ಕೈಯಲ್ಲಿಟ್ಟರು. ಅದು ಕಿಸೆ.

“ಎಲ್ಲಿ ಹಚ್ಚಲಿ?” ಎಂದು ಅವಳು ಹೆದರಿ ಹೆದರಿ ಕೇಳಿದಳು.

“ಅವನು ಅಂಚಿನಲ್ಲೇ ಇರ್ಲಿ. ಎಬ್ಬಿಸಿ ಬೇರೆ ಕಡೆ ಮಲಗಿಸ್ಬೇಡ. ನನ್ನದು ಎಲ್ಲಿ ಅಂತ ನಿಮಗೆ ಗೊತ್ತುಂಟಲ್ಲ.”

ಮಳೆ ಹಿಡಿಯುವ ಮೊದಲೇ ಅವರು ಹೋದರು. ತಂಗಿ ಅವರ ಹಸಿರು ನೂಲಿನ ಸೀರೆಯನ್ನು ತಂದುಕೊಟ್ಟಳು. ಲಿಲ್ಲಿಬಾಯಿಯ ಜಗಲಿಯಲ್ಲಿ ಮತ್ತೆ ಬಟ್ಟೆ ಹಾಸಿದೆವು. ಕಿಸೆಯನ್ನು ಅಂಚಿಗೆ ಇಟ್ಟೆವು. ಹಸಿರು ಸೀರೆಯನ್ನು ನಡುವಿಗೆ ಇಟ್ಟೆವು. ಲಿಲ್ಲಿಬಾಯಿ ಮೆಟ್ಟಿಲು ಇಳಿದು ನಿಂತಳು, ಒಂದು ಕಣ್ಣು ಮುಚ್ಚಿದಳು. ಬಹಳ ಹೊತ್ತು ಹಾಗೇ ನಿಂತವಳು ಮೇಲೆ ಬಂದು ಸೀರೆಯನ್ನು ಎತ್ತಿ ಅಂಚಿಗೆ, ಕಿಸೆಯ ಮಗ್ಗುಲಿಗೆ ಇಟ್ಟಳು.

“ಏ ಲಿಲ್ಲಿಬಾಯಿ, ಸತ್ತವರು ನಡುವಿಗೆ ಅಲ್ವಾ?” ಎಂದೆ.

“ಹೌದು,” ಎಂದಳು ಅವಳು, ಸೂಜಿಗೆ ದಾರ ಪೋಣಿಸುತ್ತಾ. “ಆದರೆ ನಡುವಿನಿಂದ ಅಂಚಿಗೆ ಕೈ ನಿಲುಕುವುದಿಲ್ಲ.”

ಆ ಕೌದಿ ಈಗ ನನ್ನ ಮನೆಯಲ್ಲಿದೆ. ನಡುವೆ ಬರೀ ಬಿಳಿ; ನೋಡಿದವರು ಇದೆಂಥ ಅರ್ಧ ಕೆಲಸ ಎಂದು ಕೇಳುತ್ತಾರೆ. ಲಿಲ್ಲಿಬಾಯಿಯೂ ಈಗಿಲ್ಲ, ಉತ್ತರ ಹೇಳಲು ನಾನೊಬ್ಬಳೇ. ಆಟಿಯ ಮಳೆಯಲ್ಲಿ ಪೆಟ್ಟಿಗೆಯ ಬಟ್ಟೆಯೆಲ್ಲ ಮುಗ್ಗಲು ಹಿಡಿದರೂ ಆ ಅಂಚು ಒಂದು ದಿನವೂ ಒದ್ದೆಯಾದದ್ದಿಲ್ಲ. ನಾನು ದಿನಾ ಬೆಳಿಗ್ಗೆ ಮುಟ್ಟಿ ನೋಡುತ್ತೇನೆ. ರಜೆಗೆ ಬಂದ ಮೊಮ್ಮಕ್ಕಳು ಅದರ ಮೇಲೆ ಉರುಳಾಡುತ್ತಾ ಹಸಿರು-ನೀಲಿಯ ಆ ಮೂಲೆಗೆ ಕಾಲು ಚಾಚಿದರೆ, ನನ್ನ ಬಾಯಿಂದ ತಾನಾಗಿ ಬರುತ್ತದೆ:

“ಸ್ವಲ್ಪ ಆಚೆ ಸರಿಯಿರಿ ಮಕ್ಕಳೇ, ಅಲ್ಲಿ ಜನ ಉಂಟು.”