ಹತ್ತನೇ ತುಂಡು

ಹೆದರಿಕೆ ನನ್ನ ಹುಟ್ಟುಗುಣ ಅಲ್ಲ. ಮೈಸೂರಲ್ಲಿ ಜಗಳಗಂಟಿ ಅಂತಲೇ ಹೆಸರು ತಗೊಂಡವಳು ನಾನು. ಆದರೆ ಆ ಸಲ ಯಹೂದಿಗಳ ಪಾಸೋವರ್ ಹಬ್ಬದಲ್ಲಿ ನಾನೂ ಹೆದರಿದ್ದು ನಿಜ.

ಮೆಲ್ಬರ್ನಿನಲ್ಲಿ ಒಬ್ಬ ಯಹೂದಿ ಅಜ್ಜನ್ನ ನೋಡ್ಕೊಳ್ಳೋ ಕೆಲಸ ನನ್ನದು. ನನ್ನ ಮನೆ ಇದ್ದ ಕ್ರೇಗಿಬರ್ನ್‌ನಿಂದ ಎರಡು ಟ್ರೈನ್ ಹತ್ತಿ ಹೋಗ್ತಿದ್ದೆ. ಅಜ್ಜನ ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳು ಸಿಡ್ನಿಯಲ್ಲಿ. ಅಜ್ಜನಿಗೆ ಮರೆವು ಶುರುವಾಗಿತ್ತು. "ಹಬ್ಬಕ್ಕೆ ಬಂದಾಗ ನೋಡ್ತೀನಿ. ಒಬ್ಬರೇ ಇರೋಕಾಗಲ್ಲ ಅನ್ನಿಸಿದ್ರೆ ವಯಸ್ಸಾದವರ ಹೋಮ್‌ಗೆ ಸೇರಿಸ್ತೀನಿ" ಅಂತ ಮಗಳು ಫೋನಲ್ಲಿ ಹೇಳಿದ್ದೇ ತಡ, ಅಜ್ಜ ಸರಿಯಾಗಿ ಊಟ ಮಾಡೋದೇ ಬಿಟ್ಟರು.

ಅವರ ಧರ್ಮದ ಪುಸ್ತಕದಲ್ಲಿ ಪಾಸೋವರ್ ವಸಂತದ ಹಬ್ಬ. ಇಲ್ಲಿ ಎಲೆ ಉದುರೋ ಕಾಲ. ಅವರ ಹಿರಿಯರು ಗುಲಾಮಗಿರಿಯಿಂದ ಓಡಿಹೋಗುವಾಗ ಹಿಟ್ಟು ಉಬ್ಬೋಕೂ ಪುರುಸೊತ್ತು ಇರಲಿಲ್ಲವಂತೆ. ಅದಕ್ಕೇ ಎಂಟು ದಿನ ಮನೆಯಲ್ಲಿ ಬ್ರೆಡ್ಡಿನ ಚೂರೂ ಇರಕೂಡದು. ನಮಗೆ ದೋಸೆಹಿಟ್ಟು ಉಬ್ಬದಿದ್ರೆ ಗೋಳು, ನಿಮಗೆ ಉಬ್ಬಿದ್ರೆ ಗೋಳು ಅಂತ ನಾನು ರೇಗಿಸಿದ್ದೆ. ಅಜ್ಜ ನಕ್ಕಿದ್ದರು.

ಹಬ್ಬದ ಹಿಂದಿನ ಸಂಜೆ ಒಂದು ಶಾಸ್ತ್ರ. ಹತ್ತು ಬ್ರೆಡ್ ತುಂಡು ಕಾಗದದಲ್ಲಿ ಸುತ್ತಿ ಅಲ್ಲಲ್ಲಿ ಬಚ್ಚಿಟ್ಟು, ಲೈಟ್ ಆರಿಸಿ, ಮೇಣದಬತ್ತಿ ಬೆಳಕಲ್ಲಿ ಹುಡುಕೋದು. ಸಿಕ್ಕಿದ್ದನ್ನ ಹಕ್ಕಿಗರಿಯಿಂದ ಗುಡಿಸಿಟ್ಟು ಬೆಳಿಗ್ಗೆ ಸುಡೋದು. ಬಚ್ಚಿಡೋದು ಹೆಂಡತಿಯ ಕೆಲಸವಾಗಿತ್ತು. ಈ ಸಲ ಅಜ್ಜ ಹಠ ಹಿಡಿದು ತಾವೇ ಬಚ್ಚಿಟ್ಟರು.

ಸಿಡ್ನಿಯಿಂದ ಬಂದಿದ್ದ ಮಗಳು ಮೇಣದಬತ್ತಿ ಹಿಡಿದಳು. ಒಂಬತ್ತು ಸಿಕ್ಕವು. ಹತ್ತನೆಯದು ಎಲ್ಲಿ?

ಅಜ್ಜ ಕಪಾಟು ತೆರೆದರು, ಮುಚ್ಚಿದರು, ಮತ್ತೆ ಅದೇ ಕಪಾಟು ತೆರೆದರು. ಗರಿಯಿಂದ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದರು. ಮಗಳು ಹುಡುಕೋದು ಬಿಟ್ಟು ಅಪ್ಪನ್ನೇ ನೋಡ್ತಾ ನಿಂತಳು. ಅಯ್ಯೋ ದೇವರೇ, ಮುಗೀತು ಇವರ ಕಥೆ ಅಂದುಕೊಂಡೆ.

"ನಾನೇ ತೆಗೆದೆ" ಅಂದುಬಿಟ್ಟೆ. "ಕಿಟಕಿ ಹತ್ತಿರ ಇತ್ತು. ನಮ್ಮ ಕಡೆ ಉಳಿದ ಅನ್ನಾನ ಕಸಕ್ಕೆ ಹಾಕಲ್ಲ. ಕಾಗೆಗೆ ಹಾಕಿದೆ."

ಹಸೀ ಸುಳ್ಳು. ಮಗಳು ನನ್ನನ್ನ ಚೆನ್ನಾಗಿ ಬೈದಳು, ಆಮೇಲೆ ನಿಟ್ಟುಸಿರು ಬಿಟ್ಟಳು. ಅಜ್ಜ ನನ್ನ ಕಡೆ ನೋಡಲೇ ಇಲ್ಲ. ಕಣ್ಣಿಗೆ ಬೀಳದೆ ಉಳಿದದ್ದೆಲ್ಲ ಮಣ್ಣಿಗೆ ಸಮ ಅನ್ನೋ ಅರ್ಥದ ಹಳೇ ಮಂತ್ರ ಹೇಳಿ ಮುಗಿಸಿದರು. ಮೊದಲೆರಡು ದಿನದ ಹಬ್ಬ ಮುಗಿಸಿ ಮಗಳು ಸಿಡ್ನಿಗೆ ಹೊರಟಳು. "ಪರವಾಗಿಲ್ಲ, ಅಪ್ಪ ಇಲ್ಲೇ ಇರಲಿ" ಅಂದಳು. ನಾನೇ ಗೆದ್ದಷ್ಟು ಖುಷಿ ನನಗೆ.

ಮಾರನೇ ಬೆಳಿಗ್ಗೆ ಆ ವರ್ಷದ ಮೊದಲ ವಿಪರೀತ ಚಳಿ. ಬಾಗಿಲು ತೆಗೆದರೆ ಸುಟ್ಟ ವಾಸನೆ! ಅಜ್ಜ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಪಕ್ಕದಲ್ಲಿ ಗ್ಯಾಸ್ ಹೀಟರ್ ಉರೀತಿತ್ತು, ಅದರ ಜಾಲರಿಯಿಂದ ಹೊಗೆ. ಆರಿಸಿ, ಇಕ್ಕಳ ಹಾಕಿ ಎಳೆದೆ. ಅರ್ಧ ಕರಕಲಾದ ಕಾಗದ, ಒಳಗೆ ಬ್ರೆಡ್ ತುಂಡು. ಅಜ್ಜ ಅಲ್ಲಿ ಬಚ್ಚಿಟ್ಟು ಮರೆತಿದ್ದ ಹತ್ತನೆಯದು.

ಇಕ್ಕಳ ಹಿಡಿದುಕೊಂಡೇ ನೆಲದ ಮೇಲೆ ಕೂತೆ. ನನ್ನ ಟ್ರೈನ್ ಅರ್ಧ ಗಂಟೆ ತಡವಾಗಿದ್ದರೆ? ಅವರನ್ನ ಈ ಮನೆಯಲ್ಲಿ ಒಂಟಿಯಾಗಿ ಉಳಿಸಿದವಳು ನಾನೇ ಅಲ್ವಾ?

ಅಜ್ಜನಿಗೆ ಎಚ್ಚರ ಆಯಿತು. ನನ್ನ ಕೈಯಲ್ಲಿದ್ದದ್ದು ನೋಡಿ ನೆಟ್ಟಗೆ ಕೂತರು. "ಅವಳಿಗೆ ಹೇಳ್ಬೇಡ" ಅಂದರು. "ಕಾಗೆ ತಿಂತು ಅಂತಲೇ ಇರಲಿ."

ಅವರ ಮಂತ್ರ ಕಣ್ಣಿಗೆ ಬೀಳದ ತುಂಡಿಗೆ. ಇದು ನನ್ನ ಕಣ್ಣಿಗೆ ಬಿದ್ದಾಗಿತ್ತು. ಅಳ್ತಾ ಅಳ್ತಾನೇ ಸಿಡ್ನಿಗೆ ಫೋನ್ ಮಾಡಿದೆ. ಅಜ್ಜ ನನ್ನ ಜಾಕೆಟ್ಟಿನ ತೋಳು ಹಿಡಿದುಕೊಂಡರು. ಆ ಕಡೆಯಿಂದ ಮಗಳು ಹಲೋ ಅಂದಾಗಲೂ ಬಿಡಲಿಲ್ಲ.